ಅಕ್ವೇರಿಯಂ ತಳದ ಹರಳು ಶುಚಿ ಮಾಡುವುದು ಹೇಗೆ: ಗಸಿ ಹೋಗಬೇಕು, ಜೀವ ಉಳಿಯಬೇಕು

ಚೌತಿಗೆ ಇನ್ನು ನಾಲ್ಕು ದಿನ ಇತ್ತು. ಶಿರಸಿ ಕಡೆಯ ನಮ್ಮ ಊರಮನೆಯಲ್ಲಿ ಬಾಗಿಲು, ಕಿಟಕಿ, ದೇವರ ಒಳ ಎಲ್ಲ ತೊಳೆದಾಗಿತ್ತು. ಜಗಲಿಯ ಮೂಲೆಯ ಎರಡಡಿ ಅಕ್ವೇರಿಯಂ ಮಾತ್ರ ಉಳಿದಿತ್ತು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತಳದ ಹರಳನ್ನೆಲ್ಲ ಬುಟ್ಟಿಗೆ ತುಂಬಿ ಬಾವಿಕಟ್ಟೆಗೆ ಒಯ್ದೆ. ತೊಳೆದ ನೀರು ತಿಳಿಯಾಗುವವರೆಗೆ ಉಜ್ಜಿದೆ. ಆ ದಿನ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು, ಅಂಗಳದಲ್ಲಿ ಹರವಿ ಒಣಗಿಸಿದೆ. ಫಿಲ್ಟರಿನ ಸ್ಪಂಜನ್ನೂ ಹಿಂಡಿ ಹಿಂಡಿ ತೊಳೆದೆ. ಹೊಸ ನೀರು ತುಂಬಿದ ಮೇಲೆ ಟ್ಯಾಂಕು ಫಳಫಳ ಹೊಳೆಯುತ್ತಿತ್ತು. ಮೂರನೇ ದಿನ ಬೆಳಗ್ಗೆ ಆಯಿ ಕರೆದಳು: "ತಮಾ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇದ್ದು, ನೋಡಾ." ಹಬ್ಬದ ದಿನ ಸಂಜೆಯೊಳಗೆ ನಾಲ್ಕು ಗೋಲ್ಡ್‌ಫಿಶ್‌ಗಳಲ್ಲಿ ಮೂರು ಸತ್ತವು.

ಮೀನುಗಳಿಗೆ ರೋಗ ಬಂದಿರಲಿಲ್ಲ. ಹರಳಿನ ಮೈಗೆ ಅಂಟಿಕೊಂಡು ಬದುಕಿದ್ದ ಬ್ಯಾಕ್ಟೀರಿಯಾವನ್ನು ನಾನೇ ಉಜ್ಜಿ ತೆಗೆದು, ಉಳಿದಿದ್ದನ್ನು ಬಿಸಿಲಿಗೆ ಒಣಗಿಸಿ ಕೊಂದಿದ್ದೆ. ಆಮೇಲೆ ಕೆಲಸದ ಮೇಲೆ ಕಾರವಾರಕ್ಕೆ ಬಂದೆ. ಈಗ ಊರಲ್ಲೊಂದು, ಇಲ್ಲೊಂದು ಟ್ಯಾಂಕು ಇವೆ. ಅವತ್ತಿನಿಂದ ಇವತ್ತಿನವರೆಗೆ ಎರಡರಲ್ಲೂ ಹರಳನ್ನು ಹೊರಗೆ ತೆಗೆದಿಲ್ಲ. ಟ್ಯಾಂಕಿನೊಳಗೇ ಇಟ್ಟು ಶುಚಿ ಮಾಡುವ ಆ ಬಗೆಯನ್ನು, ನಮ್ಮ ಜಿಲ್ಲೆಯ ನೀರು, ಮಳೆ, ಚಳಿಗೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. ಇದು ಸಿಹಿನೀರಿನ ಟ್ಯಾಂಕಿಗೆ ಮಾತ್ರ. ಸಮುದ್ರದ ನೀರಿನ ಟ್ಯಾಂಕಿನ ಲೆಕ್ಕವೇ ಬೇರೆ.

ಹರಳಿನ ಸಂದಿಯಲ್ಲಿ ನಡೆಯುವ ಕೆಲಸ

ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ ಎಲ್ಲ ಕೆಳಗಿಳಿದು ಹರಳಿನ ಸಂದಿಯಲ್ಲಿ ಗಸಿಯಾಗಿ ಕೂರುತ್ತವೆ. ಗಸಿ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಮೀನಿನ ಕಿವಿರಿನಿಂದಲೂ ಅಮೋನಿಯಾ ಹೊರಬರುತ್ತದೆ. ಹರಳಿನ ಮೈಮೇಲಿನ ಒಂದು ಜಾತಿಯ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಕೆಡುಕಲ್ಲ, ನೀರು ಬದಲಿಸಿದಾಗ ಹೋಗುತ್ತದೆ, ಗಿಡವಿದ್ದರೆ ಗಿಡ ಹೀರಿಕೊಳ್ಳುತ್ತದೆ. ಈ ಎರಡು ಹಂತದ ಗುಟ್ಟನ್ನು 1890ರ ಸುಮಾರಿಗೆ ಬಿಡಿಸಿ ತೋರಿಸಿದವನು ರಷ್ಯಾದ ಸೆರ್ಗೇಯ್ ವಿನೊಗ್ರಾಡ್ಸ್ಕಿ. ಅವನು ನೋಡಿದ್ದು ಮಣ್ಣಿನಲ್ಲಿ. ಅಡಿಕೆ ಮರದ ಬುಡಕ್ಕೆ ಹಾಕಿದ ಸೊಪ್ಪು, ಸಗಣಿಗೊಬ್ಬರ ಮರಕ್ಕೆ ಹತ್ತುವುದೂ ಇದೇ ಬಗೆಯ ಕೆಲಸದಿಂದ. ಟ್ಯಾಂಕಿನ ತಳವನ್ನು ತೋಟದ ಮಣ್ಣಿನ ಹಾಗೆ ನೋಡಿದರೆ ಅರ್ಧ ತಪ್ಪುಗಳು ತಾವಾಗಿ ನಿಲ್ಲುತ್ತವೆ. ತೋಟದಲ್ಲಿ ಕಸ ತೆಗೆಯುತ್ತೇವೆಯೇ ಹೊರತು ಮಣ್ಣನ್ನು ತೊಳೆಯುವುದಿಲ್ಲ.

ಈ ಬ್ಯಾಕ್ಟೀರಿಯಾ ಬೆಳೆಯುವುದು ಬಹಳ ನಿಧಾನ. ಹಾಲು ಹುಳಿ ಮಾಡುವಂಥವು ಒಂದು ಗಂಟೆಯೊಳಗೇ ಇಮ್ಮಡಿಯಾದರೆ ಇವಕ್ಕೆ ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೊಸ ಟ್ಯಾಂಕು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುವುದು ಅದಕ್ಕೇ. ಆದರೆ ಇವು ಹರಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಗಸಿ ಸಡಿಲವಾಗಿ ಬಿದ್ದಿರುತ್ತದೆ. ಮೆಲ್ಲಗೆ ಎಳೆಯುವ ನೀರು ಗಸಿಯನ್ನು ಒಯ್ಯುತ್ತದೆ, ಬ್ಯಾಕ್ಟೀರಿಯಾವನ್ನು ಬಿಟ್ಟುಹೋಗುತ್ತದೆ. ನೀರನ್ನು ತಾನಾಗಿ ಕೆಳಕ್ಕೆ ಎಳೆಯುವ ಸೈಫನ್ ಪೈಪಿನಿಂದ ಶುಚಿ ಮಾಡಬೇಕು ಎನ್ನುವುದಕ್ಕೆ ಇದೇ ಕಾರಣ.

ಗಸಿಯನ್ನು ಹಾಗೇ ಬಿಟ್ಟರೆ? ನೈಟ್ರೇಟ್ ಏರುತ್ತದೆ, ಪಾಚಿ ಬರುತ್ತದೆ, ನೀರಿನ ಪಿಎಚ್ (ಹುಳಿ, ಕ್ಷಾರ ತೋರಿಸುವ ಅಳತೆ, ಇಳಿದಷ್ಟೂ ನೀರು ಹುಳಿ) ಇಳಿಯುತ್ತ ಹೋಗುತ್ತದೆ. ಹರಳಿನ ಪದರ ದಪ್ಪವಿದ್ದರೆ ಅಡಿಯಲ್ಲಿ ಗಾಳಿಯಾಡದೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಬಾಲ, ರೆಕ್ಕೆಯ ಅಂಚು ಕೊಳೆಯುವ ತೊಂದರೆಯೂ ಗಲೀಜು ತಳದ ಟ್ಯಾಂಕುಗಳಲ್ಲೇ ಹೆಚ್ಚು.

ಬೇಕಾದ ಸಾಮಾನು

ಮುಖ್ಯವಾದದ್ದು ಸೈಫನ್. ಒಂದು ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ಅಗಲದ ಪಾರದರ್ಶಕ ಕೊಳವೆ, ಅದಕ್ಕೆ ಜೋಡಿಸಿದ ತೆಳು ಪೈಪು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು, ನನ್ನ ಊರಿನ ಟ್ಯಾಂಕಿಗೆ ಇವತ್ತಿಗೂ ಅಂಥದ್ದೇ. ಅರ್ಧ ಲೀಟರಿನ ನೀರಿನ ಬಾಟಲಿಯ ತಳವನ್ನು ಕತ್ತರಿಸಿ ತೆಗೆಯಿರಿ. ಮುಚ್ಚಳಕ್ಕೆ ಪೈಪಿಗಿಂತ ಕೂದಲಷ್ಟು ಸಣ್ಣ ತೂತು ಕೊರೆಯಿರಿ. ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ಮೀಟರ್ ತಂದು, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ತೂತಿನೊಳಗೆ ತೂರಿಸಿ. ತಣಿದ ಮೇಲೆ ಬಿಗಿಯಾಗಿ ಕೂರುತ್ತದೆ. ಕತ್ತರಿಸಿದ ಅಂಚು ಮೀನಿಗೆ ತರಚದಂತೆ ಉಜ್ಜಿ ನುಣುಪು ಮಾಡಿ.

ಪೈಪು ಎಷ್ಟು ದಪ್ಪ ಇರಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ, ಆದರೆ ಎಲ್ಲ ಅದರ ಮೇಲೇ ನಿಂತಿದೆ. ಒಳಗಿನ ಅಳತೆ 12 ಮಿಲಿಮೀಟರ್ ಇದ್ದರೆ ಎರಡು ನಿಮಿಷ ಆಗುವುದರೊಳಗೆ ಹತ್ತು ಲೀಟರಿಗೂ ಮೇಲೆ ನೀರು ಹೊರಬಂದಿರುತ್ತದೆ. ಎರಡಡಿ ಟ್ಯಾಂಕಿನಲ್ಲಿ ಅಷ್ಟರೊಳಗೆ ನೀವು ಒಂದು ಮೂಲೆ ಮುಗಿಸಿರುತ್ತೀರಿ, ತೆಗೆಯಬೇಕಾದ ನೀರು ಮಾತ್ರ ಖಾಲಿಯಾಗಿರುತ್ತದೆ. ಎರಡಡಿಗೆ 8 ಮಿಲಿಮೀಟರ್ ಸಾಕು, ಮೂರಡಿಗಿಂತ ದೊಡ್ಡದಕ್ಕೆ 12 ಇರಲಿ.

ಇನ್ನು ಎರಡು ಬಕೆಟ್ಟು, ಒಂದು ಹಳೆಯ ಪಂಚೆ ಅಥವಾ ಟವೆಲು, ಒಂದು ಥರ್ಮಾಮೀಟರು. ಬಕೆಟ್ಟು ಮೀನಿಗಾಗಿಯೇ ಮೀಸಲಾಗಿರಲಿ, ಸೋಪಿನ ನೊರೆ ಕಂಡದ್ದು ಬೇಡ. ಅಡಿಕೆ ತೋಟದ ಮನೆಯವರು ಇನ್ನೂ ಒಂದು ಎಚ್ಚರ ವಹಿಸಬೇಕು: ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲದಲ್ಲಿ ಮಿಶ್ರಣ ಮಾಡಿದ ಡ್ರಮ್ಮು, ಬಕೆಟ್ಟು, ಪೈಪಿನ ತುಂಡು ಯಾವುದೂ ಟ್ಯಾಂಕಿನ ಹತ್ತಿರ ಸುಳಿಯಬಾರದು. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಎಷ್ಟು ತೊಳೆದರೂ ಉಳಿಯುವ ಚೂರು ತಾಮ್ರ ಬಸವನಹುಳು, ಸಿಗಡಿಗಳನ್ನು ಕೊಲ್ಲಲು ಸಾಕು, ಮೀನಿಗೂ ಒಳ್ಳೆಯದಲ್ಲ.

ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ

ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30 ಇದ್ದರೆ 54 ಲೀಟರ್. ಹರಳು ತಿಂದ ಜಾಗ, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 45ರ ಆಸುಪಾಸು. ಒಂದು ಸಲಕ್ಕೆ ನಾಲ್ಕರಲ್ಲಿ ಒಂದು ಪಾಲು ತೆಗೆದರೆ 11 ಲೀಟರ್ ಆಯಿತು, ಒಂದು ಬಕೆಟ್ಟಿಗಿಂತ ಕಡಿಮೆ. ಬಕೆಟ್ಟಿನಲ್ಲಿ ಅಷ್ಟಕ್ಕೆ ಒಂದು ಗುರುತು ಹಾಕಿಕೊಳ್ಳಿ. ನೀರು ಗುರುತು ಮುಟ್ಟಿತೋ, ತಳದಲ್ಲಿ ಇನ್ನೂ ಎಷ್ಟು ಗಸಿ ಕಂಡರೂ ಅವತ್ತಿಗೆ ನಿಲ್ಲಿಸಬೇಕು.

ಹೀಗಾಗಿ ಇಡೀ ತಳವನ್ನು ಒಂದೇ ದಿನ ಮಾಡುವ ಪ್ರಶ್ನೆ ಇಲ್ಲ. ನಾನು ತಳವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಂಡಿದ್ದೇನೆ: ಎಡ, ನಡು, ಬಲ. ವಾರಕ್ಕೊಂದು ಪಾಲು. ಗುಪ್ಪಿ, ಟೆಟ್ರಾದಂಥ ಸಣ್ಣ ಮೀನು ಹತ್ತರಷ್ಟೇ ಇದ್ದರೆ ಎರಡು ವಾರಕ್ಕೊಮ್ಮೆಯೂ ನಡೆಯುತ್ತದೆ. ಗೋಲ್ಡ್‌ಫಿಶ್ ಇದ್ದರೆ ವಾರ ತಪ್ಪಿಸುವ ಹಾಗಿಲ್ಲ, ಅದರ ಹೊಟ್ಟೆ ಸದಾ ತಿಂದು ಸದಾ ಹಾಕುವಂಥದ್ದು. ಅಮೋನಿಯಾ, ನೈಟ್ರೈಟ್ ನೋಡುವ ಟೆಸ್ಟ್ ಕಿಟ್ಟು ಇದ್ದರೆ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ದಾಟದ ಹಾಗೆ ನೋಡಿಕೊಂಡರೆ ಅಂತರ ಸರಿಯಾಗಿದೆ ಎಂದರ್ಥ, 20ರ ಒಳಗಿದ್ದರೆ ಇನ್ನೂ ಒಳ್ಳೆಯದು.

ಫಿಲ್ಟರಿನ ಸ್ಪಂಜಿನಲ್ಲೂ ಇದೇ ಬ್ಯಾಕ್ಟೀರಿಯಾ ಇರುತ್ತವೆ, ಅದನ್ನು ತೊಳೆಯುವ ದಿನ ಹರಳನ್ನು ಮುಟ್ಟಬೇಡಿ. ಎರಡರ ನಡುವೆ ಒಂದು ವಾರವಾದರೂ ಇರಲಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಲ್ಲಿಯ ಕೆಳಗಲ್ಲ. ಊರಿನ ಟ್ಯಾಂಕಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹರಳು, ಸ್ಪಂಜು ಎರಡನ್ನೂ ಒಂದೇ ದಿನ ತೊಳೆದದ್ದು. ಒಂದು ಉಳಿದಿದ್ದರೂ ಮೀನು ಬದುಕುತ್ತಿದ್ದವೇನೋ.

ಹೊಸ ನೀರು ಮೊದಲೇ ಸಿದ್ಧವಾಗಲಿ

ಶುಚಿ ಮಾಡುವ ಹಿಂದಿನ ದಿನವೇ ತುಂಬಬೇಕಾದ ನೀರನ್ನು ಹಿಡಿದಿಡಿ. ನಮ್ಮ ಜಿಲ್ಲೆಯಲ್ಲಿ ಈ ಒಂದು ಮಾತಿಗೆ ನಾಲ್ಕು ಮುಖ ಇದೆ.

ನಗರಸಭೆಯ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಸಾದಾ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯ ಆಂಟಿ ಕ್ಲೋರಿನ್ ಹನಿ, ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ. ಬಾವಿ ನೀರಿಗೆ ಆ ಚಿಂತೆ ಇಲ್ಲ ಎಂದುಕೊಳ್ಳುತ್ತೇವೆ, ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದೆ. ಹಾಕಿದ ಮೇಲೆ ಕೆಲವು ದಿನ ಆ ನೀರು ಮುಟ್ಟಬೇಡಿ, ವಾಸನೆ ಹೋದ ಮೇಲೂ ಒಂದು ದಿನ ತೆರೆದಿಟ್ಟು, ಆಂಟಿ ಕ್ಲೋರಿನ್ ಹಾಕಿಯೇ ಬಳಸಿ.

ಕಾರವಾರದಲ್ಲಿ ಕಾಳಿ ಹೊಳೆ ಸಮುದ್ರ ಸೇರುವ ಆಸುಪಾಸು, ಕುಮಟಾ ಕಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದಿಯಲ್ಲಿ ಬೇಸಿಗೆಯ ತುದಿಗೆ ಕೆಲವು ಬಾವಿಗಳ ನೀರು ಉಪ್ಪುಉಪ್ಪಾಗುತ್ತದೆ. ಮೋಲಿ, ಗುಪ್ಪಿಗಳು ಸ್ವಲ್ಪ ಉಪ್ಪು ತಾಳಿಕೊಳ್ಳುತ್ತವೆ. ಟೆಟ್ರಾ, ಕೋರಿ ಮೀನುಗಳಿಗೆ ಆಗದು. ಹಿಡಿದ ನೀರನ್ನು ನಾಲಿಗೆಗೆ ಒಂದು ಹನಿ ಹಾಕಿ ನೋಡುವುದು ಹಳೆಯ ರೂಢಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿದ್ದರೆ ಕಳೆದ ವಾರದ ಅಂಕಿಗೂ ಇವತ್ತಿನದಕ್ಕೂ ಹೋಲಿಸಿ ನೋಡಿ. ಬಹಳ ವ್ಯತ್ಯಾಸ ಕಂಡರೆ ಆ ತಿಂಗಳ ಮಟ್ಟಿಗೆ ಬೇರೆ ನೀರು ತರುವುದೇ ಸರಿ.

ಘಟ್ಟದ ಮೇಲೆ, ಚಿರೆಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ ಗುಣದ್ದು. ಇದರಲ್ಲಿ ಒಂದು ಅಪಾಯ ಅಡಗಿದೆ, ತಿಳಿದುಕೊಂಡರೆ ಎಷ್ಟೋ ಮೀನು ಉಳಿಯುತ್ತವೆ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತದೆ, ಅದು ಅಷ್ಟು ವಿಷವಲ್ಲ. ತಿಂಗಳುಗಟ್ಟಲೆ ಶುಚಿ ಮಾಡದ ಟ್ಯಾಂಕಿನಲ್ಲಿ ಪಿಎಚ್ ಬಾವಿ ನೀರಿನದಕ್ಕಿಂತಲೂ ಕೆಳಗಿಳಿದಿರುತ್ತದೆ, ಮೀನು ಹೇಗೋ ಬದುಕಿರುವುದು ಹಾಗೆ. ಅಂಥ ಟ್ಯಾಂಕಿಗೆ ಒಂದು ದಿನ ಅರ್ಧಕ್ಕಿಂತ ಹೆಚ್ಚು ಹೊಸ ನೀರು ಸುರಿದರೆ ಪಿಎಚ್ ಒಮ್ಮೆಲೇ ಏರಿ, ಸುಮ್ಮನಿದ್ದ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. "ಚೊಕ್ಕ ಮಾಡಿದ್ದಕ್ಕೇ ಮೀನು ಸತ್ತವು" ಎಂದು ಜನ ಹೇಳುವ ಎಷ್ಟೋ ಸಂಗತಿಗಳ ಹಿಂದೆ ಇದೇ ಇದೆ. ಬಹಳ ದಿನ ಬಿಟ್ಟ ಟ್ಯಾಂಕಿಗೆ ಮೊದಲ ಎರಡು ವಾರ ಹತ್ತರಲ್ಲಿ ಒಂದು ಪಾಲು ನೀರಷ್ಟೇ, ಅದೂ ಎರಡು ಮೂರು ದಿನಕ್ಕೊಮ್ಮೆ ಬದಲಿಸಿ.

ನಾಲ್ಕನೆಯದು ಚಳಿ. ಡಿಸೆಂಬರ್, ಜನವರಿಯ ಶಿರಸಿಯ ಬೆಳಗಿನಲ್ಲಿ ಮಾಡಿನ ಮೇಲಿನ ಟ್ಯಾಂಕಿಯ ನೀರು ಕೈ ಕೊರೆಯುತ್ತದೆ. ನಮ್ಮ ಮೀನುಗಳಿಗೆ ಹೆಚ್ಚಿನವಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ. ತಣ್ಣೀರು ಸುರಿದ ಕೆಲವೇ ದಿನಕ್ಕೆ ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಏಳುವುದನ್ನು ನೋಡಿರಬಹುದು. ಹೊಸ ನೀರು, ಹಳೆಯ ನೀರಿನ ನಡುವೆ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಬೆಚ್ಚಗೆ ಮಾಡಲು ಬಚ್ಚಲ ಹಂಡೆಯ ನೀರು ಸುಲಭಕ್ಕೆ ಸಿಗುತ್ತದೆ, ಆದರೆ ಹಂಡೆ ತಾಮ್ರದ್ದಾದರೆ ಬೇಡವೇ ಬೇಡ. ನಮ್ಮ ಮೆದು ನೀರು ತಾಮ್ರವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಬೆರೆಸಿ.

ಶುಚಿ ಮಾಡುವ ಕ್ರಮ

ಮೊದಲು ಕರೆಂಟು. ಹೀಟರಿದ್ದರೆ ಆರಿಸಿ ಕಾಲು ಗಂಟೆ ಬಿಡಿ. ಬಿಸಿ ಹೀಟರು ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ಫಿಲ್ಟರು, ಲೈಟು, ಗಾಳಿ ಪಂಪು ಎಲ್ಲದರ ಪ್ಲಗ್ಗು ತೆಗೆಯಿರಿ, ಸ್ವಿಚ್ ಆರಿಸಿದರೆ ಸಾಲದು. ಆಮೇಲೆ ಮೊಣಕೈವರೆಗೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ನೀರಿಗಿಳಿಯಬೇಡಿ, ಎಣ್ಣೆ ಮೇಲೆ ಪೊರೆ ಕಟ್ಟುತ್ತದೆ. ಕೈಯಲ್ಲಿ ಗಾಯವಿದ್ದರೆ ಆ ವಾರ ಬೇರೆಯವರು ಮಾಡಲಿ, ಇಲ್ಲವೇ ಗ್ಲೌಸ್ ಇರಲಿ. ಟ್ಯಾಂಕಿನ ನೀರಿನಲ್ಲಿ ಚರ್ಮಕ್ಕೆ ಹತ್ತುವ ಬ್ಯಾಕ್ಟೀರಿಯಾ ಇರುತ್ತವೆ, ಒಮ್ಮೆ ಹತ್ತಿದರೆ ಬೇಗ ವಾಸಿಯಾಗುವುದಿಲ್ಲ.

ಗಾಜಿನ ಒಳಮೈಯ ಪಾಚಿಯನ್ನು ಈಗಲೇ ಉಜ್ಜಿ, ಬಿದ್ದದ್ದು ತಳಕ್ಕೆ ಹೋಗಿ ಸೈಫನ್ನಿನಲ್ಲಿ ಬರುತ್ತದೆ. ಎತ್ತಲು ಬರುವ ಕಲ್ಲು, ಬೊಂಬೆ ಇದ್ದರೆ ಇವತ್ತು ಮಾಡುವ ಪಾಲಿನವನ್ನು ಮಾತ್ರ ಪಕ್ಕಕ್ಕೆ ಸರಿಸಿ. ಗಸಿಯ ರಾಶಿ ಸಿಗುವುದು ಅವುಗಳ ಬುಡದಲ್ಲೇ. ಮೀನುಗಳನ್ನು ಹೊರಗೆ ತೆಗೆಯುವುದು ಬೇಡ. ಹಿಡಿಯುವಾಗ ಆಗುವ ಗಾಬರಿ ಸೈಫನ್ನಿನಿಂದ ಆಗುವುದಿಲ್ಲ.

ಖಾಲಿ ಬಕೆಟ್ಟನ್ನು ನೆಲದ ಮೇಲೆ, ಟ್ಯಾಂಕಿಗಿಂತ ಕೆಳಗೆ ಇಡಿ. ಪೈಪಿನ ಹೊರತುದಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿರುವಷ್ಟು ಹೊತ್ತು ನೀರು ತಾನಾಗಿ ಹರಿಯುತ್ತದೆ, ಇಳಿತ ಹೆಚ್ಚಿದಷ್ಟೂ ಎಳೆತ ಹೆಚ್ಚು. ಶುರುವಿಗೆ ಬಾಯಿಂದ ಎಳೆಯುವವರೇ ಬಹಳ. ಮಾಡಬೇಡಿ, ಹಿಕ್ಕೆಯ ನೀರು ಅದು. ಕೊಳವೆ, ಪೈಪು ಎರಡನ್ನೂ ಸುತ್ತಿ ಟ್ಯಾಂಕಿನೊಳಗೆ ಪೂರ್ತಿ ಮುಳುಗಿಸಿ. ಗುಳ್ಳೆಗಳೆಲ್ಲ ಹೋದ ಮೇಲೆ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಹೊರಗೆ ತಂದು ಬಕೆಟ್ಟಿಗೆ ಇಳಿಸಿ, ಬೆರಳು ತೆಗೆಯಿರಿ. ಕೊಳವೆ ಮಾತ್ರ ನೀರಿನಿಂದ ಮೇಲೆ ಬರಬಾರದು, ಬಂದರೆ ಗಾಳಿ ಹೊಕ್ಕು ನಿಲ್ಲುತ್ತದೆ.

ಇನ್ನು ಮುಖ್ಯ ಕೆಲಸ. ಬಲಗೈಯಲ್ಲಿ ಕೊಳವೆ, ಎಡಗೈಯಲ್ಲಿ ಪೈಪು. ಎಡಗೈಯ ಹೆಬ್ಬೆರಳು, ತೋರುಬೆರಳು ಪೈಪನ್ನು ಯಾವ ಗಳಿಗೆಯಲ್ಲೂ ಹಿಚುಕಲು ಸಿದ್ಧವಾಗಿರಲಿ, ಅದೇ ನಿಮ್ಮ ನಲ್ಲಿ. ಕೊಳವೆಯ ಬಾಯನ್ನು ಹರಳಿನೊಳಗೆ ನೇರ ಊರಿ, ಗಾಜು ತಾಗುವಷ್ಟು ಇಳಿಸಿ. ಅರ್ಧ ಅಂಗುಲ ಮೇಲೆತ್ತಿ ಮೆಲ್ಲಗೆ ಎಡಬಲ ತಿರುಗಿಸಿ. ಹರಳು ಕೊಳವೆಯೊಳಗೆ ಒಂದಿಷ್ಟು ಎದ್ದು ಹೊರಳುತ್ತದೆ, ಅದರ ನಡುವಿನಿಂದ ಕಂದು ಬಣ್ಣದ ಗಸಿ ಹೊಗೆಯ ಹಾಗೆ ಬಿಚ್ಚಿಕೊಂಡು ಮೇಲೇರಿ ಪೈಪು ಸೇರುತ್ತದೆ. ಹರಳು ಭಾರಕ್ಕೆ ಕೆಳಗೆ ಬೀಳುತ್ತದೆ. ಗೆರಸಿಯಲ್ಲಿ ಭತ್ತ ತೂರಿದ ಹಾಗೆ: ಗಾಳಿಗೆ ಜೊಳ್ಳು ಹಾರುತ್ತದೆ, ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಇಲ್ಲಿ ಗಾಳಿಯ ಬದಲು ನೀರು. ಹರಳು ತೀರಾ ಮೇಲೆ ಹತ್ತಿ ಪೈಪಿನ ಬಾಯಿಗೆ ಬಂತೆಂದರೆ ಎಡಗೈಯಲ್ಲಿ ಹಿಚುಕಿ. ಹರಿವು ನಿಂತ ಕೂಡಲೇ ಹರಳು ಗಲಗಲ ಎಂದು ಇಳಿಯುತ್ತದೆ. ಬಿಟ್ಟರೆ ಮತ್ತೆ ಹರಿಯುತ್ತದೆ.

ಒಂದು ಜಾಗದಲ್ಲಿ ಐದಾರು ಸೆಕೆಂಡು. ಕೊಳವೆಯೊಳಗಿನ ನೀರು ಗಂಜಿಯಂತಿದ್ದದ್ದು ಬೆಲ್ಲದ ಪಾನಕದಷ್ಟಾದರೆ ಸಾಕು, ತಿಳಿನೀರಾಗುವವರೆಗೆ ಕಾಯಬೇಡಿ. ಪೈಪು ಹಿಚುಕಿ, ಕೊಳವೆ ಎತ್ತಿ, ಅದರ ಪಕ್ಕದಲ್ಲೇ ಊರಿ. ನಟ್ಟಿ ಮಾಡಿದ ಹಾಗೆ ಸಾಲಾಗಿ ಸಾಗಬೇಕು. ಕಂಡಕಂಡಲ್ಲಿ ಚುಚ್ಚಿದರೆ ಕೆದಕಿದ ಗಸಿ ನೀರಿಗೆ ಏಳುತ್ತದೆ, ಅದನ್ನು ಮತ್ತೆ ಹಿಡಿಯಲು ಆಗುವುದಿಲ್ಲ. ಮೂಲೆಗಳು, ಆಹಾರ ಹಾಕುವ ಜಾಗದ ಕೆಳಗೆ, ಫಿಲ್ಟರಿನ ಹಿಂದೆ ಹೆಚ್ಚು ಹೊತ್ತು ಕೊಡಿ. ಗುಪ್ಪಿ ಮರಿಗಳಿದ್ದರೆ ಕೊಳವೆಯೊಳಗೆ ಕಣ್ಣಿರಲಿ. ಒಂದು ಒಳಗೆ ಬಂದರೆ ಹಿಚುಕಿ, ಅದು ಬಂದ ದಾರಿಯಲ್ಲೇ ಈಜಿ ಹೋಗುತ್ತದೆ. ಹೊರಗೆ ಚೆಲ್ಲುವ ಮೊದಲು ಬಕೆಟ್ಟಿನಲ್ಲೂ ಒಮ್ಮೆ ಹುಡುಕಿ, ನಾನು ಹೀಗೆ ಹುಡುಕಿ ಎಷ್ಟೋ ಮರಿಗಳನ್ನು ವಾಪಸ್ ಬಿಟ್ಟಿದ್ದೇನೆ.

ಗಿಡವಿದ್ದರೆ ಬುಡದಿಂದ ಮೂರು ನಾಲ್ಕು ಅಂಗುಲ ದೂರ ಬಿಟ್ಟು, ಅಲ್ಲಿ ಮೇಲ್ಮೈಯನ್ನಷ್ಟೇ ಎಳೆಯಿರಿ. ಆ ಗಸಿಯೇ ಬೇರಿಗೆ ಗೊಬ್ಬರ. ಸಣ್ಣ ಮರಳು ಹಾಕಿದವರು ಕೊಳವೆಯನ್ನು ಊರಲೇಬಾರದು, ಮರಳು ಪೂರ್ತಿ ಬಕೆಟ್ಟಿಗೆ ಬಂದುಬಿಡುತ್ತದೆ. ಒಂದೆರಡು ಸೆಂಟಿಮೀಟರ್ ಮೇಲೆ ಹಿಡಿದು ಮೆಲ್ಲಗೆ ಸುತ್ತಿಸಿದರೆ ಗಸಿ ಮಾತ್ರ ಏಳುತ್ತದೆ.

ಬಕೆಟ್ಟಿನ ಗುರುತು ಮುಟ್ಟಿತು. ಕೊಳವೆಯನ್ನು ನೀರಿನಿಂದ ಎತ್ತಿ ಹರಿವು ನಿಲ್ಲಿಸಿ, ಸರಿಸಿದ ಕಲ್ಲು ಜಾಗಕ್ಕಿಡಿ.

ಹೊಸ ನೀರನ್ನು ಸುರಿಯುವುದಲ್ಲ, ಇಳಿಸುವುದು. ಹರಳಿನ ಮೇಲೆ ಒಂದು ಬಟ್ಟಲು ಇಟ್ಟು ಅದರೊಳಗೆ ಚೊಂಬಿನಿಂದ ಹಾಕಿದರೆ ತಳ ಕದಡುವುದಿಲ್ಲ. ಹತ್ತು ಹನ್ನೆರಡು ನಿಮಿಷವಾದರೂ ಹಿಡಿಯಲಿ. ನೀರು ಮೊದಲಿನ ಮಟ್ಟಕ್ಕೆ ಬಂದು, ಫಿಲ್ಟರಿನ ಬಾಯಿ ಮುಳುಗಿದ ಮೇಲೆ ಮಾತ್ರ ಪ್ಲಗ್ಗು ಹಾಕಿ. ಹೀಟರಿಗೆ ಇನ್ನೂ ಕಾಲು ಗಂಟೆ ಕಾಯಿರಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಒಂದು ಜೋಲು ಬಿಟ್ಟಿರಲಿ, ನೀರು ವೈರಿನ ಮೇಲೆ ಜಾರಿದರೂ ಆ ಜೋಲಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಸ್ವಿಚ್‌ಬೋರ್ಡು ಮುಟ್ಟುವುದಿಲ್ಲ.

ಅವತ್ತು ಆಹಾರ ಕಡಿಮೆ ಕೊಡಿ, ಕೊಡದಿದ್ದರೂ ಆಯಿತು. ನೀರು ತುಸು ಮಬ್ಬಾಗಿದ್ದರೆ ಒಂದೆರಡು ಗಂಟೆಯಲ್ಲಿ ತಿಳಿಯಾಗುತ್ತದೆ. ಎರಡನೇ ದಿನ ಹಾಲಿನಂತೆ ಬೆಳ್ಳಗಾದರೆ, ಮೀನು ಮೇಲೆ ಬಂದು ಬಾಯಿ ಬಿಟ್ಟರೆ, ಕಿವಿರು ಕೆಂಪಾಗಿ ಬೇಗ ಬೇಗ ಆಡಿಸಿದರೆ ಶುಚಿ ಹೆಚ್ಚಾಗಿದೆ ಎಂದು ತಿಳಿಯಿರಿ. ಆಹಾರ ನಿಲ್ಲಿಸಿ, ಗಾಳಿ ಪಂಪು ಜೋರು ಮಾಡಿ, ದಿನಕ್ಕೆ ಐದರಲ್ಲಿ ಒಂದು ಪಾಲು ನೀರು ಬದಲಿಸುತ್ತ ಬನ್ನಿ. ಗುರುತಿನವರ ಆರೋಗ್ಯವಾದ ಟ್ಯಾಂಕಿನಿಂದ ಒಂದು ಹಿಡಿ ಹರಳನ್ನು ಒದ್ದೆಯಾಗಿಯೇ ತಂದು ಹಾಕಿದರೆ ಬ್ಯಾಕ್ಟೀರಿಯಾ ಬೇಗ ಚೇತರಿಸುತ್ತದೆ. ಚೌತಿಯ ಆ ದಿನ ನನಗೆ ಇದು ಗೊತ್ತಿದ್ದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಮಳೆಗಾಲದ ತಿಂಗಳುಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಬದಲಾವಣೆ ಮಾಡಿಕೊಳ್ಳುತ್ತೇನೆ. ಬಾವಿ ನೀರು ಕೆಂಪಗೆ ಕದಡಿದ್ದರೆ ಡ್ರಮ್ಮಿನಲ್ಲಿ ಒಂದು ದಿನ ನಿಲ್ಲಿಸಿ ಮೇಲಿನ ತಿಳಿಯನ್ನಷ್ಟೇ ತೆಗೆಯುತ್ತೇನೆ. ಮಾಡಿನಿಂದ ಇಳಿದ ಮಳೆನೀರನ್ನು ಒಂದನ್ನೇ ತುಂಬುವುದಿಲ್ಲ, ಅದರಲ್ಲಿ ಖನಿಜದ ಅಂಶ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಪಿಎಚ್ ಕುಸಿಯುತ್ತದೆ. ಎರಡನೆಯದು ಕರೆಂಟಿನದು. ಗಾಳಿ ಮಳೆಗೆ ಕಂಬ ಬಿದ್ದು ದಿನಗಟ್ಟಲೆ ಕತ್ತಲೆ ಕೂರುವ ಊರುಗಳಲ್ಲಿ ಫಿಲ್ಟರು ನಿಂತರೆ ಸ್ಪಂಜಿನ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸಾಯತೊಡಗುತ್ತದೆ. ಆಗ ಟ್ಯಾಂಕನ್ನು ಕಾಯುವುದು ಹರಳಿನ ಮೇಲಿನದ್ದೇ. ಆದ್ದರಿಂದ ಕರೆಂಟು ಹೋಗಿರುವಾಗ, ಬಂದ ಮರುದಿನ ಹರಳನ್ನು ಮುಟ್ಟಬೇಡಿ. ಆಹಾರ ನಿಲ್ಲಿಸಿದರೆ ಗಸಿಯೂ ಹೆಚ್ಚುವುದಿಲ್ಲ, ಆರೋಗ್ಯವಾದ ದೊಡ್ಡ ಮೀನು ಮೂರು ನಾಲ್ಕು ದಿನ ಉಪವಾಸ ತಾಳಿಕೊಳ್ಳುತ್ತದೆ. ಬ್ಯಾಟರಿಯ ಸಣ್ಣ ಗಾಳಿ ಪಂಪು ಒಂದು ಮನೆಯಲ್ಲಿದ್ದರೆ ಒಳ್ಳೆಯದು.

ಹೊಸ ಹರಳು ತರುವಾಗ

ಮೂರರಿಂದ ಐದು ಮಿಲಿಮೀಟರಿನ ನುಣುಪು ಹರಳು, ಎರಡು ಅಂಗುಲ ದಪ್ಪ. ಇದಕ್ಕಿಂತ ದೊಡ್ಡದಾದರೆ ಆಹಾರ ಸಂದಿಗೆ ಬಿದ್ದು ಮೀನಿಗೆ ಸಿಗುವುದಿಲ್ಲ, ದಪ್ಪ ಹೆಚ್ಚಾದರೆ ಅಡಿ ಕೊಳೆಯುತ್ತದೆ. ಹೊಸ ಹರಳನ್ನು ಮಾತ್ರ ಎಷ್ಟು ಬೇಕಾದರೂ ತೊಳೆಯಬಹುದು, ಸೋಪು ಇಲ್ಲದೆ. ಬಣ್ಣದ ಹರಳನ್ನು ಒಂದು ರಾತ್ರಿ ನೆನೆಹಾಕಿ, ನೀರಿಗೆ ಬಣ್ಣ ಬಿಟ್ಟರೆ ಬಳಸಬೇಡಿ.

ಕಾರವಾರದ ಕಡಲದಂಡೆಯಲ್ಲಿ ನಡೆಯುವಾಗ ಚಿಪ್ಪು, ಮರಳು ಆರಿಸಿ ತರುವ ಆಸೆ ಮಕ್ಕಳಿಗೆ ಸಹಜ. ಸಿಹಿನೀರಿನ ಟ್ಯಾಂಕಿಗೆ ಅದು ಹೊಂದುವುದಿಲ್ಲ. ಚಿಪ್ಪು ಅಂದರೆ ಸುಣ್ಣ, ನೀರಿನ ಗಡಸುತನವನ್ನೂ ಪಿಎಚ್ಚನ್ನೂ ಏರಿಸುತ್ತ ಹೋಗುತ್ತದೆ. ಎಲ್ಲಿಂದ ತಂದ ಕಲ್ಲಿನ ಮೇಲೂ ಲಿಂಬೆರಸ ಅಥವಾ ವಿನೆಗರ್ ನಾಲ್ಕು ಹನಿ ಬಿಟ್ಟು ನೋಡಿ, ಗುಳ್ಳೆ ಎದ್ದರೆ ಸುಣ್ಣವಿದೆ.

ಹಳೆಯ ಹರಳನ್ನು ಬದಲಿಸಲೇಬೇಕಾದರೆ ಮೂರು ಪಾಲು ಮಾಡಿಕೊಂಡು, ಎರಡು ಮೂರು ವಾರದ ಅಂತರದಲ್ಲಿ ಒಂದೊಂದೇ ಪಾಲು ಬದಲಿಸಿ. ಬಹಳ ವರ್ಷದ, ತಳ ಕಪ್ಪಾಗಿ ಮೊಟ್ಟೆಯ ವಾಸನೆ ಬರುವ ಟ್ಯಾಂಕಿಗೆ ಕೊಳವೆಯನ್ನು ಒಮ್ಮೆಲೇ ಆಳಕ್ಕೆ ಊರಬೇಡಿ. ಮೊದಲ ವಾರ ಮೇಲಿನ ಅರ್ಧ ಅಂಗುಲ, ಮುಂದಿನ ವಾರ ಇನ್ನರ್ಧ, ಹೀಗೆ ಇಳಿಯುತ್ತ ಹೋಗಿ.

"ತಳ ಕ್ಲೀನ್ ಮಾಡಲು ಒಂದು ಸಕರ್ ಮೀನು ಬಿಡಿ" ಎನ್ನುವ ಸಲಹೆ ಬಹಳ ಕೇಳಿಬರುತ್ತದೆ. ಅದು ಗಾಜಿನ ಪಾಚಿ ತಿನ್ನುತ್ತದೆ ನಿಜ, ಹಿಕ್ಕೆ ತಿನ್ನುವುದಿಲ್ಲ. ತಾನೇ ರಾಶಿ ಹಿಕ್ಕೆ ಹಾಕುತ್ತದೆ, ಅಡಿ ಉದ್ದ ಬೆಳೆದು ಎರಡಡಿ ಟ್ಯಾಂಕಿನಲ್ಲಿ ತಿರುಗಲೂ ಆಗದೆ ಕೂರುತ್ತದೆ. ಆಗ ಬೇಸತ್ತು ಅದನ್ನು ಕಾಳಿಗೋ ಅಘನಾಶಿನಿಗೋ ದೇವಸ್ಥಾನದ ಕೆರೆಗೋ ಬಿಡಬೇಡಿ, ಕೈಮುಗಿದು ಕೇಳುತ್ತೇನೆ. ದೇಶದ ಎಷ್ಟೋ ಹೊಳೆ ಕೆರೆಗಳಲ್ಲಿ ಈ ಮೀನು ಬೀಡುಬಿಟ್ಟು ಅಲ್ಲಿನ ಮೀನುಗಳಿಗೂ ಬಲೆ ಬೀಸುವವರಿಗೂ ಕಾಟವಾಗಿದೆ. ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕಿರುವವರಿಗೆ ಕೊಡಿ.

ಬಕೆಟ್ಟಿನಲ್ಲಿ ಉಳಿದ ಕಂದು ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಅದರಲ್ಲಿ ಗಿಡಕ್ಕೆ ಬೇಕಾದ ನೈಟ್ರೇಟ್ ಇದೆ. ಕಾರವಾರದ ಮನೆಯಲ್ಲಿ ಕುಂಡದ ಕರಿಬೇವಿಗೆ, ಊರಲ್ಲಿ ಆಯಿಯ ದಾಸವಾಳ, ಮಲ್ಲಿಗೆಗೆ ಅದು ವಾರವಾರ ಹೋಗುತ್ತದೆ. ಮೀನಿನ ರೋಗಕ್ಕೆ ಉಪ್ಪು ಅಥವಾ ಔಷಧ ಹಾಕಿದ ವಾರದ ನೀರು ಮಾತ್ರ ಗಿಡಕ್ಕೆ ಬೇಡ. ಸೈಫನ್ನಿನೊಳಗೆ ಒಂದು ಚೊಂಬು ಒಳ್ಳೆಯ ನೀರು ಹಾಯಿಸಿ, ಎರಡೂ ತುದಿ ಕೆಳಗಾಗುವಂತೆ ಮೊಳೆಗೆ ನೇತುಹಾಕಿ, ಒಳಗೆ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಕೈಯನ್ನು ಈಗ ಸೋಪು ಹಚ್ಚಿ ತೊಳೆಯಿರಿ. ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಪಕ್ಕ "ಎಡ" ಎಂದು ಬರೆದಿಟ್ಟರೆ ಮುಂದಿನ ವಾರ ನಡುಪಾಲಿನಿಂದ ಶುರು ಮಾಡಬಹುದು.